ಮಜ್ಜಿಗೆ ಮಾರಲು ಬಂದವಳು

"ಖರೇ ಹೇಳ್ರಿ ಮೇಡಂ, ಏನ್ ಘೋಟಾಳಾ ಮಾಡಿ ಬಂದೀರಿ?"

ಹುಮನಾಬಾದಿನಲ್ಲಿ ಬಾಡಿಗೆ ಮನೆಯ ಬೀಗದ ಕೈ ಕೊಡುತ್ತಾ ಮಾಲೀಕ ಶರಣಪ್ಪನವರು ಕೇಳಿದ ಮೊದಲ ಪ್ರಶ್ನೆ ಇದು. ಘೋಟಾಳಾ ಎಂದರೆ ಹಗರಣ. ಮುಂಬೈಯ ದೊಡ್ಡ ಆಹಾರ ಕಂಪನಿಯಲ್ಲಿ ಹಾಲು ಖರೀದಿ ವಿಭಾಗದ ಮುಖ್ಯಸ್ಥೆಯಾಗಿದ್ದವಳು ಅದನ್ನು ಬಿಟ್ಟು, ಹಾಲಿನದೇ ಒಂದು ಸ್ಟಾರ್ಟಪ್ ಕಟ್ಟಲು ಇಲ್ಲಿಗೆ ಬಂದಿದ್ದಾಳೆಂದರೆ ಅವರು ನಂಬಲಿಲ್ಲ. ನನ್ನ ಹಿಂದೆ ಪೊಲೀಸರು ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಚಹಾ ತರಿಸಿದರು.

ನನ್ನೂರು ಮೈಸೂರಿನ ನೀವೆಲ್ಲ ನಗಬಹುದು. ನಮ್ಮಲ್ಲಿ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಫಿ ಕೊಡುತ್ತೇವೆ, ಬಂದವರು ಗೇಟು ದಾಟಿದ ಮೇಲೆ ಮಾತಾಡಿಕೊಳ್ಳುತ್ತೇವೆ. ಇಲ್ಲಿ ಅನುಮಾನಕ್ಕೆ 'ಶಕ್' ಎನ್ನುತ್ತಾರೆ. ಅದನ್ನು ಮೊದಲು ಮುಖದೆದುರೇ ಕೇಳಿ ಮುಗಿಸುತ್ತಾರೆ. ನನ್ನ ಕನ್ನಡದ ಮೇಲೂ ಶಕ್. "ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡ್ತೀರಿ" ಎಂದು ತರಕಾರಿಯವಳು ಎರಡು ಬಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದಳು. ಜೋಳದ ರೊಟ್ಟಿಯಲ್ಲೇ ಊಟ ಮುಗಿಯಿತೆಂದು ಒಪ್ಪಲು, ಅನ್ನ ತಿಂದು ಬೆಳೆದ ನನ್ನ ಹೊಟ್ಟೆಗೆ ತಿಂಗಳುಗಳೇ ಹಿಡಿದವು. ಭಾನುವಾರಗಳಂದು ಮಾತಾಡಲು ಯಾರೂ ಸಿಗದೆ ಪ್ಯಾಕಿಂಗ್ ಯಂತ್ರವನ್ನೇ ಒರೆಸುತ್ತಾ ಕೂತದ್ದಿದೆ.

ಶಕ್ ನನಗೂ ಕಡಿಮೆ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮ್ಮ ವೃತ್ತಿಯವರಿಗೆ ಗಾದೆಯಲ್ಲ, ದಿನದ ಕೆಲಸ. ಹತ್ತಿರದ ಹಳ್ಳಿ ಬೇಮಳಖೇಡದ ಮನೆಮನೆಯಿಂದ ಎಮ್ಮೆ ಹಾಲು ತರುತ್ತಿದ್ದ ಆಟೋದ ಮಾರುತಿಯ ಎದುರೇ ಪ್ರತಿ ಕ್ಯಾನಿಗೂ ಲ್ಯಾಕ್ಟೋಮೀಟರ್ ಇಳಿಸಿ, ನೀರು ಬೆರೆತಿದೆಯೇ ಎಂದು ನೋಡುತ್ತಿದ್ದೆ.

ಬೇಸಿಗೆ ಶುರುವಾದಾಗ ಮಸಾಲೆ ಮಜ್ಜಿಗೆಯ ಮೊದಲ ಪ್ಯಾಕೆಟ್‌ಗಳನ್ನು ಬಸವಕಲ್ಯಾಣದ ಬಸ್ ನಿಲ್ದಾಣದ ಅಂಗಡಿಗಳಿಗೆ ಕೊಟ್ಟೆ. ಮಧ್ಯಾಹ್ನದೊಳಗೆ ಎಲ್ಲ ಖರ್ಚಾದವು. ನಾನು ಗೆದ್ದೆ ಅಂದುಕೊಂಡೆ. ಆ ವಾರವೇ ಬೇಮಳಖೇಡದ ಹಾಲು ಇಳಿಯುತ್ತಾ ಬಂತು. ಒಂದು ಬೆಳಗ್ಗೆ ಕ್ಯಾನುಗಳು ಖಾಲಿಯೇ ಬಂದವು.

"ಎಮ್ಮಿ ಹಾಲು ಕೊಡವಲ್ಲವು ಅಂತಾರ್ರಿ" ಎಂದ ಮಾರುತಿ, ಎತ್ತಲೋ ನೋಡುತ್ತಾ.

ಊರಿನ ಎಮ್ಮೆಗಳೆಲ್ಲ ಒಟ್ಟಿಗೆ ಮುಷ್ಕರ ಹೂಡುವುದುಂಟೇ? ಇವನೇ ಹಾಲನ್ನು ಬೇರೆಯವರಿಗೆ ಹಾಕುತ್ತಿದ್ದಾನೆ ಎಂದುಕೊಂಡೆ. ಹೋಟೆಲಿನವರನ್ನು, ಖೋವಾ ಮಾಡುವವರನ್ನು ಗುಟ್ಟಾಗಿ ವಿಚಾರಿಸಿದೆ. ಸುಳಿವು ಸಿಗಲಿಲ್ಲ, ನಾನು ವಿಚಾರಿಸಿದ ಸುದ್ದಿ ಮಾತ್ರ ಸಂಜೆಯೊಳಗೆ ಅವನ ಕಿವಿಗೆ ಬಿತ್ತು.

"ನನ್ನ ಮ್ಯಾಲ ಶಕ್ ಇದ್ರ ನೀವೇ ಬಂದು ನೋಡ್ರಿ" ಎಂದು ಮರುದಿನ ಆಟೋ ತಂದು ನಿಲ್ಲಿಸಿದ. ಹತ್ತಿ ಕೂತೆ. ಹಾಲು ಬಾರದಿದ್ದರೆ ನನ್ನ ಉದ್ಯಮ ಆ ಬೇಸಿಗೆಗೇ ಮುಗಿಯುತ್ತಿತ್ತು. ಮುಂಬೈಯ ನನ್ನ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು.

ಬೇಮಳಖೇಡದಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುತ್ತಿದ್ದವರು ಕಾಶಮ್ಮ. ನಾವು ಹೋದಾಗ ಎಮ್ಮೆಗೆ ಮೇವು ಹಾಕುತ್ತಿದ್ದರು. ಕೆಚ್ಚಲು ತುಂಬಿದ್ದು ನನಗೂ ಕಾಣಿಸಿತು. ಅವರು ಒಳಗೆ ಹೋಗಿ ಒಂದು ಚರಗಿ ಮಜ್ಜಿಗೆ ತಂದು ಕೈಗಿಟ್ಟರು. ಅಂಥ ಮಜ್ಜಿಗೆ ನಾನು ಕುಡಿದೇ ಇರಲಿಲ್ಲ. ಖರೀದಿ ಮಾಡಿ ಮಾಡಿ ಅಭ್ಯಾಸವಾದ ನಾಲಿಗೆ ಸುಮ್ಮನಿರಲಿಲ್ಲ. "ಇಂಥದ್ದನ್ನು ದಿನಾ ಎಷ್ಟಕ್ಕೆ ಕೊಡ್ತೀರಿ?" ಎಂದುಬಿಟ್ಟೆ.

ಕಾಶಮ್ಮ ಚರಗಿಯನ್ನು ವಾಪಸ್ ಕಿತ್ತುಕೊಂಡರು. "ಮಜ್ಜಿಗಿಗಿ ರೇಟ್ ಕೇಳ್ತೀಯೇನ್ ತಂಗಿ? ಇದಕ್ಕ ನೋಡು ನಾವು ಹಾಲು ಬಂದ್ ಮಾಡೀವಿ. ನಮ್ಮ ಎಮ್ಮಿ ಹಾಲಿಂದು ಮಜ್ಜಿಗಿ ಮಾಡಿ ಕಲ್ಯಾಣದಾಗ ಮಾರಾಕತ್ತೀ ಅಂತ. ಮಜ್ಜಿಗಿ ಮಾರಿದ್ರ ಹೈನ ನಿಲ್ಲಂಗಿಲ್ಲ."

ಹೈನ ಎಂದರೆ ಮನೆಯ ಕರಾವು, ಹಾಲು ಮೊಸರು ಬೆಣ್ಣೆಯ ಸಮೃದ್ಧಿ.

"ಹಾಲು ಮಾರ್ತೀರಲ್ಲಮ್ಮ?"

"ಹಾಲು ಮಾರ್ತೀವಿ, ತುಪ್ಪ ಮಾರ್ತೀವಿ. ಅವು ನಮ್ಮವು. ಮಜ್ಜಿಗಿ ಮಂದೀದು. ಬಾಗಿಲಿಗಿ ಬಂದವರಿಗಿ ಇಲ್ಲ ಅನ್ನಬಾರದು."

"ಮೊದಲೇ ಹೇಳಬಹುದಿತ್ತಲ್ಲ?"

"ನೀ ಎಂದಾರ ಒಮ್ಮಿ ಬಂದು ಕೇಳೀಯೇನು? ಹಾಲಿನಾಗ ನೀರು ಅದನೋ ಇಲ್ಲೋ, ಅಷ್ಟೇ ನೋಡ್ತಿದ್ದಿ."

ನಾನು ಮಾರುತಿಯತ್ತ ತಿರುಗಿದೆ. "ಹೇಳಿದ್ರ ನಗ್ತೀರಂತ ಹೇಳಲಿಲ್ರಿ" ಎಂದ.

ಇದು ನಂಬಿಕೆಯೋ, ದರ ಏರಿಸುವ ಉಪಾಯವೋ ಎಂದು ವಾಪಸಾಗುವಾಗ ಯೋಚಿಸಿದೆ. ದರದ ಮಾತನ್ನು ಅವರು ಇವತ್ತಿನವರೆಗೂ ಎತ್ತಿಲ್ಲ. ಆದರೂ ಆಗಾಗ ನನಗೆ ಆ ಶಕ್ ಬರುತ್ತದೆ. ಏನೇ ಇರಲಿ, ಮಜ್ಜಿಗೆ ಮಾರುವುದನ್ನು ಬಿಟ್ಟೆ. ಅದಕ್ಕೆಂದೇ ಕೊಂಡ ಯಂತ್ರದಲ್ಲಿ ಈಗ ಮೊಸರು ತುಂಬುತ್ತೇವೆ, ತುಪ್ಪ ಹೈದರಾಬಾದಿಗೂ ಹೋಗುತ್ತದೆ. ಬೆಣ್ಣೆ ತೆಗೆದ ಮಜ್ಜಿಗೆಯನ್ನು ಬಾಗಿಲಲ್ಲಿ ಗಡಿಗೆಯಲ್ಲಿಟ್ಟು ಬಂದವರಿಗೆಲ್ಲ ಸುಮ್ಮನೆ ಕೊಡುತ್ತೇವೆ. ಮೊದಮೊದಲು ಪೇಟೆಯಲ್ಲಿ ಕೊಂಡ ಹಾಲಿನಲ್ಲೇ ಅದನ್ನು ಮಾಡಿದ್ದೆ; ಆಗ ಒಂದು ದಿನ ಸಂತೆಗೆ ಬಂದ ಕಾಶಮ್ಮ ಗಡಿಗೆಯನ್ನು ಮೂಸಿ, ಅರ್ಧ ಲೋಟ ಕುಡಿದು, "ನೀರು ಭಾಳ ಹಾಕೀದಿ" ಎಂದು ಹೊರಟರು. ಮರುದಿನ ಬೇಮಳಖೇಡದ ಕ್ಯಾನು ತುಂಬಿ ಬಂತು. ನಾನು ಅದಕ್ಕೆ ಲ್ಯಾಕ್ಟೋಮೀಟರ್ ಇಳಿಸಿದೆ.

ಈಚೆಗೆ ಮೈಸೂರಿಗೆ ಹೋದಾಗ ಅಕ್ಕ ಫ್ರಿಜ್ಜಿನಿಂದ ಮಜ್ಜಿಗೆ ಪ್ಯಾಕೆಟ್ ತೆಗೆದುಕೊಟ್ಟಳು. ಕತ್ತರಿಸಲು ಕೈ ಬರಲಿಲ್ಲ. "ಏನೇ, ಪೂರ್ತಿ ಅಲ್ಲಿಯವಳೇ ಆಗ್ಬಿಟ್ಯಾ?" ಎಂದು ಕೇಳಿದಳು. ನಾನು ಪ್ಯಾಕೆಟನ್ನು ಫ್ರಿಜ್ಜಿಗೇ ವಾಪಸ್ ಇಟ್ಟೆ.

ಬ್ಯಾಗು ಹಿಡಿದು ಹುಮನಾಬಾದಿಗೆ ಮರಳಿದಾಗ ಶರಣಪ್ಪನವರು ಕಟ್ಟೆಯ ಮೇಲೆ ಕೂತಿದ್ದರು.

"ಬಂದ್ರೇನ್ರಿ? ತಿರುಗಿ ಬರಂಗಿಲ್ಲ ಅಂತ ನಮಗ ಶಕ್ ಇತ್ತು."

"ನನಗೂ ಇತ್ರಿ" ಎಂದೆ.