ಅತ್ತೆ ಬ್ಯಾಟರಿ ದೋಣಿ ಹತ್ತಿದ್ದು

ಹೊಳೆ ದಾಟಿಸುವ ಆ ಹೆಂಗಸನ್ನು ಎರಡೂ ದಡದವರು ದೋಣಿಯಕ್ಕ ಎಂದೇ ಕರೆಯುತ್ತಿದ್ದರು. ದೋಣಿ ಅವಳ ಮಾವನದು. ಮೊಣಕಾಲು ಸೋತ ಮೇಲೆ ಮಾವ ಮಗನನ್ನು ಬಿಟ್ಟು ಸೊಸೆಗೆ ಕಲಿಸಿದರು. ಮಗನಿಗೆ ನೀರು ಕಂಡರೆ ತಲೆಸುತ್ತು. ಬಡಗಿ ಕೆಲಸದಲ್ಲೇ ಅವನಿಗೆ ನೆಮ್ಮದಿ. ಯಾವ ಅಜ್ಜಿಗೆ ಯಾವ ಕಾಲು ನೋವು, ಯಾವ ಮಗು ಅಂಚಿಗೆ ಬಗ್ಗುತ್ತದೆ ಎಂಬುದೆಲ್ಲ ದೋಣಿಯಕ್ಕನಿಗೆ ಬಾಯಿಪಾಠ. ಲೈಫ್ ಜಾಕೆಟ್ ಹಾಕಿದರೆ ಬಟ್ಟೆ ಮುದುಡುತ್ತದೆ ಎಂದವರಿಗೆ, "ಮುಳುಗಿದ ಮೇಲೆ ಇಸ್ತ್ರಿ ಮಾಡಿಸಿಕೊಡೋಕೆ ನಾನು ಬರಲ್ಲ" ಎನ್ನುತ್ತಿದ್ದಳು.

ಡೀಸೆಲ್ ಎಂಜಿನ್ ಪದೇ ಪದೇ ಕೈಕೊಡತೊಡಗಿದಾಗ ಅವಳು ಅದನ್ನು ಇಳಿಸಿ ಬ್ಯಾಟರಿ ಮೋಟಾರು ಹಾಕಿಸಿದಳು. ಮಾವ ಒಪ್ಪಿದರು. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ನೀರಿಗೂ ಕರೆಂಟಿಗೂ ಯಾವತ್ತಾದ್ರೂ ಆಗಿಬಂದಿದ್ಯಾ? ಹೀಟರ್ ಹಾಕಿದ ಬಕೆಟ್ಟಿಗೆ ಕೈ ಹಾಕಬೇಡಿ ಅಂತ ನೀನೇ ಬಡ್ಕೋತೀಯ. ಈಗ ನೋಡಿದ್ರೆ ಇಡೀ ಹೊಳೆಗೇ ಹೀಟರ್ ಇಟ್ಟಿದ್ದೀಯ!"

ಮೋಟಾರು ಕೂರಿಸಿದ ಮೆಕ್ಯಾನಿಕ್ ಪಾಪ, ಅತ್ತೆಯ ಎದುರಿಗೇ ಬ್ಯಾಟರಿ ಪೆಟ್ಟಿಗೆಯ ಮೇಲೆ ಒಂದು ಬಕೆಟ್ ನೀರು ಸುರಿದ. ಹನಿಯೂ ಒಳಗೆ ಹೋಗಲಿಲ್ಲ. ಕೆಂಪು ಗುಂಡಿ ಒತ್ತಿದರೆ ಎಲ್ಲ ನಿಂತುಹೋಗುವುದನ್ನೂ ತೋರಿಸಿದ. ಅವನು ಹೋದ ಮೇಲೆ ಅತ್ತೆ, "ನೋಡಿದ್ಯಾ? ರಬ್ಬರ್ ಚಪ್ಪಲಿ ಬಿಚ್ಚಲೇ ಇಲ್ಲ ಅವನು" ಎಂದರು.

ಹೀಗಾಗಿ, ಮಾವನಿಗೆ ಹೊಟ್ಟೆನೋವೆಂದು ಒಂದು ಬೆಳಿಗ್ಗೆ ಮಗ ಆಚೆ ದಡದ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಅತ್ತೆ ದೋಣಿ ಹತ್ತದೆ ಮನೆಯಲ್ಲೇ ಉಳಿದರು. ಮಾಮೂಲಿ ನೋವು, ಸಂಜೆಗೆ ಬಂದುಬಿಡುತ್ತಾರೆ ಎಂದುಕೊಂಡಿದ್ದರು.

ಮಧ್ಯಾಹ್ನ ಗಂಡನ ಫೋನು ಬಂದಾಗ ದೋಣಿಯಕ್ಕ ಈಚೆ ದಡದಲ್ಲೇ ಇದ್ದಳು. "ಹರ್ನಿಯಾ ಅಂತೆ ಕಣೇ, ಕರುಳು ಸಿಕ್ಕಿಹಾಕ್ಕೊಂಡಿದೆ. ಈಗಲೇ ಆಪರೇಶನ್ ಆಗ್ಬೇಕು. ಅಪ್ಪ ನೋಡಿದ್ರೆ, ನಿಮ್ಮಮ್ಮನ ಮುಖ ನೋಡದೆ ಒಳಗೆ ಹೋಗಲ್ಲ ಅಂತ ಹಠ ಹಿಡಿದು ಕೂತಿದ್ದಾರೆ. ತಡ ಆದಷ್ಟೂ ಅಪಾಯ ಅಂತ ಡಾಕ್ಟರ್ ಬೈತಿದ್ದಾರೆ."

ಸೇತುವೆ ಸುತ್ತಿಕೊಂಡು ಹೋದರೆ ಕತ್ತಲಾಗುತ್ತಿತ್ತು. ವಿಷಯ ಕೇಳಿದ್ದೇ ಅತ್ತೆ ಬಂದು ದೋಣಿಯ ಮುಂದೆ ನಿಂತರು. ಚಪ್ಪಲಿ ಕಳಚಲಿಲ್ಲ. ಸೊಸೆ ಜಾಕೆಟ್ ತೊಡಿಸಿ ಕೈ ಹಿಡಿದು ನಡುವಿನ ಹಲಗೆಯ ಮೇಲೆ ಕೂರಿಸಿದಳು. ಅವರು ಕಣ್ಣು ಮುಚ್ಚಿ ದೇವರ ನಾಮ ಹಿಡಿದರು.

ಬ್ಯಾಟರಿಯಲ್ಲಿ ಅರ್ಧ ಚಾರ್ಜ್ ಇತ್ತು. ಬೇರೆ ದಿನವಾಗಿದ್ದರೆ ಹೋಗಿ ಬರುವುದಕ್ಕೂ ಅದು ಧಾರಾಳ. ಆದರೆ ಅಂದು ಆಚೆ ದಡದಿಂದ ಗಾಳಿ ಎದ್ದಿತ್ತು. ಗಾಳಿ ಎದುರಾದರೆ ವೇಗದ ಹಿಡಿಯನ್ನು ಪೂರ್ತಿ ತಿರುಗಿಸಬೇಕು, ಎಂಜಿನ್ ಕಿರುಚಿದರೂ ಬಿಡಬಾರದು ಎಂದು ಮಾವ ಕಲಿಸಿದ್ದರು. ಅವಳ ಕೈ ಅದನ್ನೇ ಮಾಡಿತು. ಈ ಮೋಟಾರು ಕಿರುಚಲಿಲ್ಲ. ಅದಕ್ಕೆ ಆಯಾಸವಾಗುತ್ತಿದೆ ಎಂದು ಹೇಳುವ ಸದ್ದೇ ಇರಲಿಲ್ಲ. ಹೊಳೆಯ ನಡುವೆ ಅವಳು ಬ್ಯಾಟರಿಯ ಮೀಟರಿನ ಕಡೆ ನೋಡಿದಳು. ಅರ್ಧದಲ್ಲಿ ಅರ್ಧವೂ ಉಳಿದಿರಲಿಲ್ಲ. ಹುಟ್ಟುಗಳು ಹಲಗೆಯ ಕೆಳಗಿದ್ದವು ನಿಜ, ಆದರೆ ಆ ಗಾಳಿಯಲ್ಲಿ ಅವಳೊಬ್ಬಳ ತೋಳು ಎಷ್ಟು ದೂರಕ್ಕೆ ಸಾಲಬೇಕು?

ಮೆಕ್ಯಾನಿಕ್ ಹೇಳಿದ್ದು ಆಗ ಹೊಳೆಯಿತು: "ಅಕ್ಕಾ, ಎಲ್ಲಕ್ಕಿಂತ ಹೆಚ್ಚು ಚಾರ್ಜ್ ಕುಡಿಯೋದು ಆ ಕೊನೇ ಸ್ವಲ್ಪ ವೇಗಕ್ಕೇನೆ." ಅವಸರವಿರುವ ದಿನವೇ ನಿಧಾನ ಮಾಡಬೇಕೆಂದರೆ ಕೈ ಬರುವುದಿಲ್ಲ. ಅವಳು ತುಟಿ ಕಚ್ಚಿಕೊಂಡು ಹಿಡಿಯನ್ನು ಹಿಂದಕ್ಕೆ ತಿರುಗಿಸಿದಳು. ದೋಣಿಯ ಮೂಗು ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ತಿರುಗದಂತೆ ಹಿಡಿದುಕೊಳ್ಳುವಷ್ಟು ವೇಗ ಮಾತ್ರ ಉಳಿಸಿಕೊಂಡಳು.

ಅತ್ತೆ ಕಣ್ಣು ಬಿಟ್ಟರು. "ನಿಂತ್ಹೋಯ್ತಾ?"

"ಇಲ್ಲ ಅತ್ತೆ, ಹೋಗ್ತಿದೆ."

"ಸುಳ್ಳು ಹೇಳ್ಬೇಡ. ಸದ್ದೇ ಇಲ್ಲ!"

"ಮೊದಲೂ ಸದ್ದಿರಲಿಲ್ಲವಲ್ಲ ಅತ್ತೆ. ಜೋರಾಗಿ ಓಡಿಸಿದ್ರೆ ಬ್ಯಾಟರಿ ದಾರೀಲೇ ಮುಗಿಯುತ್ತೆ. ನಿಧಾನಕ್ಕೆ ಹೋದ್ರೆ ಮುಟ್ಟುತ್ತೆ. ನನ್ನ ನಂಬಿ."

"ಅಲ್ಲಿ ಅವರ ಜೀವ ಒದ್ದಾಡ್ತಿದೆ, ಇಲ್ಲಿ ನೀನು ಮೆರವಣಿಗೆ ಹೊರಟಂಗೆ ಹೋಗ್ತಿದ್ದೀಯ" ಎನ್ನುತ್ತ ಅತ್ತೆ ಪಕ್ಕಕ್ಕೆ ಬಗ್ಗಿ, ದೋಣಿ ಸಾಗುತ್ತಿದೆಯೋ ಇಲ್ಲವೋ ನೋಡೋಣವೆಂದು ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿದರು. ಬೆರಳ ಸಂದಿಯಿಂದ ನೀರು ಹಿಂದಕ್ಕೆ ಸರಿಯುತ್ತಿತ್ತು. "ಹೋಗ್ತಿದೆ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಹೂಂ, ಹೋಗ್ತಾನೇ ಇದೆ." ಕೈ ತೆಗೆಯಲೇ ಇಲ್ಲ. ದೋಣಿಯಕ್ಕ ಅದನ್ನು ಕಂಡೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅತ್ತೆಗೆ ಕರೆಂಟು ನೆನಪಾಗಿಬಿಟ್ಟರೆ?

ಆಚೆ ದಡ ಹತ್ತಿರವಾದಂತೆ ಅಲ್ಲಿನ ಎತ್ತರದ ದಿಣ್ಣೆ ಗಾಳಿಯನ್ನು ತಡೆಯಿತು. ಅಲೆ ತಗ್ಗಿತು. ದೋಣಿ ಜೆಟ್ಟಿಯ ಟೈರುಗಳಿಗೆ ಮೆತ್ತಗೆ ತಾಗಿದಾಗ ಮೀಟರಿನಲ್ಲಿ ಇನ್ನೂ ಒಂದು ಗೆರೆ ಹಸಿರಾಗಿತ್ತು. ಅತ್ತೆ ಜಾಕೆಟ್ ಬಿಚ್ಚಲೂ ನಿಲ್ಲದೆ ಮೆಟ್ಟಿಲು ಹತ್ತಿದರು.

ಆಪರೇಶನ್ ಕೋಣೆಯ ಬಾಗಿಲಲ್ಲಿ ಗಾಲಿಮಂಚದ ಮೇಲಿದ್ದ ಮಾವ ಹೆಂಡತಿಯನ್ನೂ ಅವರ ಕಿತ್ತಳೆ ಜಾಕೆಟ್ಟನ್ನೂ ನೋಡಿ, ನೋವಿನಲ್ಲೂ ಹಲ್ಲು ಬಿಟ್ಟರು. "ನಿನ್ನನ್ನ ಆ ದೋಣೀಲಿ ಕೂರಿಸೋಕೆ ನಾನು ಹೊಟ್ಟೆ ಕೊಯ್ಸಿಕೊಳ್ಳಬೇಕಾಯ್ತು ನೋಡು."

"ಸಾಕು ಸುಮ್ನಿರಿ. ಡಾಕ್ಟರ್ ಕಾಯ್ತಿದ್ದಾರೆ, ಹೋಗಿ ಬನ್ನಿ" ಎಂದು ಅತ್ತೆ ಅವರ ಹಣೆ ಸವರಿದರು.

ಮುಂದಿನ ಹೊತ್ತೆಲ್ಲ ಮೂವರೂ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಡಾಕ್ಟರ್ ಹೊರಗೆ ಬಂದು, ಕರುಳಿಗೆ ಏನೂ ಆಗಿಲ್ಲ, ಸರಿಯಾದ ಸಮಯಕ್ಕೆ ಆಯಿತು ಎಂದರು. ಅಲ್ಲಿಯವರೆಗೆ ಅಳು ಬಿಗಿಹಿಡಿದಿದ್ದ ದೋಣಿಯಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಂಡ ಅವಳ ಬೆನ್ನು ತಟ್ಟಿದ. ಅತ್ತೆ ಇದ್ದಲ್ಲಿಂದಲೇ ದೇವರಿಗೆ ಕೈ ಮುಗಿದರು.

"ಡಿಸ್ಚಾರ್ಜ್ ಆದ ದಿನ ಕಾರು ಮಾಡಿ ಸೇತುವೆ ಮೇಲಿಂದ ಕರ್ಕೊಂಡು ಬರ್ತೀನಮ್ಮ" ಎಂದ ಮಗ.

ಅತ್ತೆ ಗದರಿದರು. "ಆ ಹಳ್ಳ ಬಿದ್ದ ರಸ್ತೇಲಾ? ಹೊಲಿಗೆ ಬಿಚ್ಚಿಹೋಗ್ಲಿ ಅಂತಾನಾ? ದೋಣೀಲೇ ಬರ್ತಾರೆ ಅವರು." ಆಮೇಲೆ ಸೊಸೆಯ ಕಡೆ ತಿರುಗಿ ದನಿ ಇಳಿಸಿದರು. "ಇಲ್ಲಿ ಕೂತು ಏನ್ಮಾಡ್ತೀಯ? ಹೋಗಿ ಅದನ್ನ ಚಾರ್ಜಿಗೆ ಹಾಕು. ನಮ್ಮ ದಡದಲ್ಲಿ ಜನ ಕಾಯ್ತಿರ್ತಾರೆ."