ಮೌಲಾ ಸಾಬ್‌ಗೆ ತೋಡಿದ ಕುಣಿ

"ಯಾರೂ ಅವಸರ ಮಾಡಬ್ಯಾಡ್ರಿ. ಸಾಯಂಕಾಲ ಪಾರ್ಟಿ ದೊಡ್ಡವರು ಬರ್ತಾರೆ. ಹಳೇ ಸಿಪಾಯಿ ಅಲ್ಲೇನು? ಧ್ವಜ ಹೊದಿಸಿ ಒಂದು ಭಾಷಣ ಆಗ್ಬೇಕು, ಫೋಟೋ ಆಗ್ಬೇಕು," ಎಂದರು ದಾವಣಗೆರೆಯಿಂದ ಜೀಪಿನಲ್ಲಿ ಬಂದಿಳಿದ ರಾಮಚಂದ್ರಪ್ಪ. ಅವರು ಅಲ್ಲಿಯ ಒಂದು ಹತ್ತಿ ಮಿಲ್ಲಿನ ಮ್ಯಾನೇಜರು. ಒಳಗೆ ಹೆಣವಾಗಿ ಮಲಗಿದ್ದವನು ಆ ಮಿಲ್ಲಿನ ಗೇಟು ಕಾಯುತ್ತಿದ್ದ ಕೊಕ್ಕನೂರಿನ ಮೌಲಾ ಸಾಬ್.

ಕೆಂಚವೀರಪ್ಪನಿಗೆ ನೆತ್ತಿ ಕಾಯಿತು. ಗೆಳೆಯ ಸತ್ತು ರಾತ್ರಿ ಕಳೆದಿದೆ. ಮುಸಲ್ಮಾನರ ಪೈಕಿ ಹೆಣವನ್ನು ಇಟ್ಟುಕೊಂಡು ಕೂರುವಂತಿಲ್ಲ, ಆದಷ್ಟು ಬೇಗ ಮಣ್ಣಾಗಬೇಕು. ಅದು ಊರಿನ ಮಕ್ಕಳಿಗೂ ಗೊತ್ತು. ಬಾಗಿಲ ಮರೆಯಿಂದ ಮೌಲಾನ ಹೆಂಡತಿ ಜೈನಾಬಿ, "ಕೆಂಚಣ್ಣಾ, ನಮ್ಮ ಯಜಮಾನ್ರನ್ನ ಕಾಯಿಸಬ್ಯಾಡ್ರಿ. ಮಧ್ಯಾಹ್ನದ ನಮಾಜಿಗೆ ಎಲ್ಲಾ ಆಗ್ಲಿ," ಎಂದಳು. ಕೆಂಚವೀರಪ್ಪ ಗುದ್ದಲಿ ಹೆಗಲಿಗೇರಿಸಿ ಹೊರಟ. ಯಾರೋ ಜೊತೆಗೆ ಬರುತ್ತೇನೆಂದರು. "ಬ್ಯಾಡ. ಅವನ ಕುಣಿ ನಾನೇ ತೋಡ್ತೀನಿ," ಎಂದ.

ಅದು ಅವನ ಹಕ್ಕು. ಇಂಗ್ಲಿಷರ ಪಲ್ಟನ್ನಿನಲ್ಲಿ ಬರ್ಮಾಕ್ಕೆ ಹೋಗಿದ್ದ ಮೌಲಾ ನಲವತ್ತಾರರಲ್ಲಿ ಎಡಗಾಲು ಎಳೆಯುತ್ತ ಊರಿಗೆ ಬಂದ. ಬಂದವನು ಶೌರ್ಯದ ಕತೆ ಹೇಳಲಿಲ್ಲ. ಮದುವೆ ಚಪ್ಪರಕ್ಕೆ ಕಂಬ ನೆಡುತ್ತ ಮುದುಕಿಯರಿಗೆ, "ನಿನಗೂ ಇನ್ನೊಂದು ಗಂಡು ನೋಡ್ಲೇನಬೇ?" ಎಂದು ರೇಗಿಸಿ ಬೈಸಿಕೊಳ್ಳುತ್ತಿದ್ದ. ಯಾರ ಮನೆಯಲ್ಲಿ ಸಾವಾದರೂ, ಯಾವ ಜಾತಿಯಾದರೂ, ಕರೆಯುವ ಮೊದಲೇ ಗುದ್ದಲಿ ಹಿಡಿದು ಹಾಜರಾಗುತ್ತಿದ್ದ. ಕೆಂಚವೀರಪ್ಪನ ಅಪ್ಪ ಸತ್ತಾಗ ಕಡು ಬೇಸಿಗೆ, ನೆಲ ಬಂಡೆಯಾಗಿತ್ತು. ಅಂಗೈ ಕಿತ್ತು ರಕ್ತ ಬಂದರೂ ಮೌಲಾ ಗುದ್ದಲಿ ಬಿಡಲಿಲ್ಲ. ಯಾಕೋ ಹಿಂಗೆ ಎಂದು ಕೇಳಿದ್ದಕ್ಕೆ, "ಬರ್ಮಾದಾಗ ಜೊತೆಯೋರನ್ನ ಕಾಡಿನಾಗೇ ಬಿಟ್ಟು ಬಂದೀನಿ ಕೆಂಚ. ಒಬ್ಬರಿಗೂ ಮಣ್ಣು ಮಾಡಾಕ ಆಗ್ಲಿಲ್ಲ," ಎಂದಿದ್ದ. ಅವತ್ತಿನಿಂದ ಕೆಂಚವೀರಪ್ಪನವರ ಲಿಂಗಾಯತ ಕೇರಿಯಲ್ಲಿ ಯಾರು ಸತ್ತರೂ ಮೌಲಾ ಅಗೆಯುತ್ತಿದ್ದ, ಕೆಂಚವೀರಪ್ಪ ಮಣ್ಣು ಎತ್ತಿ ಹಾಕುತ್ತಿದ್ದ.

ಅಂಥವನಿಗೆ ಈ ಮಿಲ್ಲಿನವರು ಮಾಡಿದ್ದೇನು? ಹೋದ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಹತ್ತಿದಾಗ ಇದೇ ರಾಮಚಂದ್ರಪ್ಪ ಅವನನ್ನು ಕರೆದು, "ಯುದ್ಧ ಮುಗಿಯೋತನ ಗೇಟಿನ ಹತ್ರ ಬರಬ್ಯಾಡ ಸಾಬಾ, ಜನ ಒಂದು ಥರಾ ಮಾತಾಡ್ತಾರೆ," ಎಂದಿದ್ದರು. ಊರಿನವರಿಗೆಲ್ಲ ಮೌಲಾ ನಗುನಗುತ್ತಲೇ ರಜೆ ಕೊಟ್ಟಾರೆ ಎಂದ. ನಿಜ ಹೇಳಿದ್ದು ಕೆಂಚವೀರಪ್ಪನಿಗೆ ಮಾತ್ರ. ಯುದ್ಧ ಮುಗಿಯಿತು, ಯಾರೂ ತಿರುಗಿ ಕರೆಯಲಿಲ್ಲ. ಚಳಿಗಾಲದಲ್ಲಿ ಕೆಮ್ಮು ಹಿಡಿದು ಸಂಕ್ರಾಂತಿ ಕಳೆಯುವಷ್ಟರಲ್ಲಿ ಮನುಷ್ಯನೇ ಇಲ್ಲ. ಕೆಮ್ಮು ನೆಪ, ಕೊಂದದ್ದು ಆ ಮಾತು. ಕೆಂಚವೀರಪ್ಪನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಮಾತನ್ನೇ ಮೆಲುಕು ಹಾಕುತ್ತ, ಹಲ್ಲು ಕಚ್ಚಿಕೊಂಡು ಅಗೆದ. ಬಿಸಿಲೇರಿದ್ದು ತಿಳಿಯಲಿಲ್ಲ. ಹರಿಹರದ ಬಸ್ಸಿನಲ್ಲಿ ಮುಲ್ಲಾನನ್ನು ಕರೆದುಕೊಂಡು ಬಂದ ಮೌಲಾನ ಭಾವಮೈದುನ ರಜಾಕ್ ಕುಣಿಯ ಅಂಚಿಗೆ ಬಂದು ನಿಂತ.

"ಕೆಂಚಪ್ಪಾರೇ, ಇದೇನ್ರಿ? ಇದ್ರಾಗ ನಮ್ಮ ಭಾವ ಹೆಂಗ್ ಮಲಗ್ಬೇಕು?"

ಕೆಂಚವೀರಪ್ಪ ಸುತ್ತ ನೋಡಿದ. ಚೌಕಾಕಾರದ ಆಳ ಕುಣಿ, ಒಂದು ಮಗ್ಗುಲಿಗೆ ಹೆಣ ಕೂರಿಸುವ ಗೂಡು. ತಮ್ಮ ಲಿಂಗಾಯತರ ಪೈಕಿ ಕೂರಿಸಿ ಹೂಳುತ್ತಾರೆ, ಮುಸಲ್ಮಾನರ ಪೈಕಿ ಉದ್ದಕ್ಕೆ ಮಲಗಿಸುತ್ತಾರೆ. ಗೊತ್ತಿಲ್ಲದ ಸಂಗತಿಯೇನಲ್ಲ. ಸಿಟ್ಟಿನ ಭರದಲ್ಲಿ ಅವನ ಕೈ ಗೆಳೆಯನಿಗೆ ಅಪ್ಪನಿಗೆ ತೋಡಿದಂಥ ಕುಣಿಯನ್ನೇ ತೋಡಿಬಿಟ್ಟಿತ್ತು. ನಾಚಿಕೆಯಿಂದ ಅವನಿಗೆ ಭೂಮಿಗಿಳಿದಂತಾಯಿತು.

ಅಷ್ಟರಲ್ಲಿ ರಾಮಚಂದ್ರಪ್ಪನವರೂ ಬಂದರು. ಹಿಂದೆ ಡ್ರೈವರ್ ಒಂದು ದೊಡ್ಡ ಚೆಂಡುಹೂವಿನ ಹಾರ ಹೊತ್ತಿದ್ದ. ಕುಣಿಯೊಳಗೆ ಬಗ್ಗಿ ನೋಡಿದ ಮ್ಯಾನೇಜರ ಮುಖ ಅರಳಿತು. "ಒಳ್ಳೇದೇ ಆತು ಬಿಡ್ರಿ. ಇನ್ನೊಂದು ತೋಡಾದ್ರಾಗ ದೊಡ್ಡವರೂ ಬಂದಿರ್ತಾರೆ."

ಕೆಂಚವೀರಪ್ಪ ಕುಣಿಯಿಂದ ಮೇಲೆ ಹತ್ತಿದ. ಮೈಯೆಲ್ಲ ಮಣ್ಣು.

"ಸಾಹೇಬ್ರೆ, ಸೆಪ್ಟೆಂಬರ್ನಾಗ ಇವ್ನು ಸಾಬ, ಈಗ ಸಿಪಾಯಿ ಏನ್ರಿ?"

"ಅದು ಮೇಲಿನೋರ ಆರ್ಡರ್..."

"ಬರ್ಮಾದಾಗ ಗುಂಡು ತಿಂದೋನಿಗೆ ಗೇಟಿನಾಗ ನಿಲ್ಲಬ್ಯಾಡ ಅಂದೋರು ನೀವು. ಇಲ್ಲಿ ನಾನು ಹೇಳ್ತೀನಿ, ನೀವು ನಿಲ್ಲಬ್ಯಾಡ್ರಿ!"

ಹಾರ ಕಿತ್ತುಕೊಂಡು ಆ ತಪ್ಪು ಕುಣಿಗೆ ಎಸೆದ, ಮೇಲೆ ಮಣ್ಣೆಳೆದ. ರಾಮಚಂದ್ರಪ್ಪ ಪಂಚೆ ಎತ್ತಿಕಟ್ಟಿ ಜೀಪಿನ ಕಡೆ ನಡೆದರು.

ಊರಿನಿಂದ ಜನ ಗುದ್ದಲಿ, ಸಲಿಕೆ ಹಿಡಿದು ಬಂದರು. ಯಾರನ್ನೂ ಕರೆಯಬೇಕಾಗಲಿಲ್ಲ. ಪಕ್ಕದಲ್ಲಿ ರಜಾಕ್ ಗೆರೆ ಎಳೆದುಕೊಟ್ಟ ಅಳತೆಗೆ ಸರತಿಯಲ್ಲಿ ಅಗೆದರು. ನಮಾಜು ಮುಗಿಯುವ ಹೊತ್ತಿಗೆ ಕುಣಿ ಸಿದ್ಧವಾಗಿತ್ತು. ಮೌಲಾನನ್ನು ಇಳಿಸಿ, ಮುಖ ಪಡುವಣಕ್ಕೆ ಮಾಡಿ ಮಲಗಿಸಿದರು.

ಮಣ್ಣು ಕೊಡಲು ಕೆಂಚವೀರಪ್ಪನ ಸರದಿ ಬಂತು. ಹಿಡಿಮಣ್ಣು ಕೈಯಲ್ಲೇ ಉಳಿಯಿತು.

"ಊರೋರ ಕುಣಿ ಎಲ್ಲಾ ನೀ ತೋಡ್ದೆ," ಎಂದು ಒಳಗೆ ಬಗ್ಗಿ ಕೂಗಾಡಿದ. "ಇಪ್ಪತ್ತು ವರ್ಷ ನಾ ನಿನ್ನ ಜೊತೀಗೆ ಇದ್ದೆ. ನಿಂದು ಹೆಂಗ್ ತೋಡ್ಬೇಕು ಅಂತ ಒಂದಿನಾನಾದ್ರೂ ಹೇಳಿಕೊಟ್ಟೇನೋ, ಮುಠ್ಠಾಳ!"

ಬೈಗುಳ ಅಳುವಾಯಿತು. ರಜಾಕ್ ಅವನ ಮುಷ್ಟಿ ಹಿಡಿದು ಮೆಲ್ಲಗೆ ಬಿಡಿಸಿದ.