ಕೇಳದೇ ಬಿಟ್ಟ ಒಂಬತ್ತು ವರ್ಷ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಜನರನ್ನು ಕೆಲಸಕ್ಕೆ ಆರಿಸಿ ಕಳಿಸುವ ಕಚೇರಿ ಅದು. ಆಸ್ಪತ್ರೆಗೋ ಕಾರ್ಖಾನೆಗೋ ಶಾಲೆಗೋ ಜನ ಬೇಕಾದರೆ ಇವರಿಗೆ ಹೇಳುತ್ತಾರೆ. ಇವರು ಅರ್ಜಿ ಕರೆದು, ಜರಡಿ ಹಿಡಿದು, ಹತ್ತು ಜನರ ಪಟ್ಟಿ ಮಾಡಿ ಕೊಡುತ್ತಾರೆ. ಅದೇನು ಮಹಾ ಕೆಲಸ, ಕಾಗದವನ್ನು ಈ ಗುಡ್ಡೆಯಿಂದ ಆ ಗುಡ್ಡೆಗೆ ಹಾಕುವುದು ತಾನೇ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಅರ್ಧ ದಿನ ಫೋನಕ್ಕನ ಕುರ್ಚಿಯಲ್ಲಿ ಕೂತು ನೋಡಬೇಕಿತ್ತು. ಹತ್ತು ಜನಕ್ಕೆ ಹೂಂ ಅನ್ನುವುದು ಯಾರಿಗಾದರೂ ಬರುತ್ತದೆ. ಉಳಿದ ಇನ್ನೂರು ಜನಕ್ಕೆ ಇಲ್ಲ ಅನ್ನಬೇಕಲ್ಲ, ಅಲ್ಲಿದೆ ಕೆಲಸ.

ಆ ಇನ್ನೂರಕ್ಕೂ ಅವಳು ಫೋನ್ ಮಾಡುತ್ತಿದ್ದಳು. ಯಾರೂ ಮಾಡು ಎಂದಿರಲಿಲ್ಲ. ತಾನು ಹದಿನೆಂಟರ ಹುಡುಗಿಯಾಗಿದ್ದಾಗ ಒಂದು ಅರ್ಜಿ ಹಾಕಿ, ಉತ್ತರ ಬಂದೀತೆಂದು ಎಂಟು ತಿಂಗಳು ಬಾಗಿಲು ಕಾದಿದ್ದಳಂತೆ. ಆ ಉರಿ ಐವತ್ತೆರಡು ತುಂಬಿದರೂ ಆರಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಒಂದೇ ಮಾತು: "ನಿಮ್ಮಲ್ಲಿ ಕೊರತೆ ಇದೆ ಅಂತಲ್ಲ. ಈ ಜಾಗಕ್ಕೂ ನಿಮಗೂ ಹೊಂದಲಿಲ್ಲ, ಅಷ್ಟೇ. ಬೇಜಾರಲ್ಲಿ ಊಟ ಬಿಡಬೇಡಿ."

ಒಬ್ಬ ವೆಲ್ಡಿಂಗ್ ಕೆಲಸದವನು ಒಮ್ಮೆ ಉರಿದುಬಿದ್ದು, "ಊಟ ನೀವು ಹಾಕ್ತೀರಾ?" ಎಂದ. "ಹಾಕ್ತೀನಿ ಬನ್ನಿ" ಅಂದಳು ಇವಳು. ಪುಣ್ಯಾತ್ಮ ಮರುದಿನ ಮಧ್ಯಾಹ್ನ ನಿಜವಾಗಲೂ ಬಂದು ಬಾಗಿಲಲ್ಲಿ ನಿಂತ. ಡಬ್ಬಿಯ ಅರ್ಧ ಅವನಿಗೆ ಹೋಯಿತು. ತಿಂದು ಮುಗಿಸಿ, ಉಪ್ಪು ಸ್ವಲ್ಪ ಕಡಿಮೆ ಎಂದು ಹೇಳಿ ಹೋದ.

ಅರ್ಜಿಯ ಮೂಲೆಯಲ್ಲಿ ಅವಳು ಪೆನ್ಸಿಲಿನಿಂದ ಒಂದಕ್ಷರ ಬರೆಯುತ್ತಿದ್ದಳು. "ತೆ" ಎಂದರೆ ತೆಗೆದುಕೊ. "ಬಿ" ಎಂದರೆ ಬಿಡು. ಇವೆರಡು ಕಚೇರಿಯಲ್ಲಿ ಮೊದಲಿನಿಂದ ಇದ್ದವು. ಮೂರನೆಯದು ಅವಳದೇ ಸ್ವಂತದ್ದು: "ಕೇ". ಕೇಳಬೇಕು ಎಂದು ಅರ್ಥ. ಅರ್ಜಿಯಲ್ಲಿ ಮೂರೋ ನಾಲ್ಕೋ ವರ್ಷ ಖಾಲಿ ಬಿದ್ದಿದ್ದರೆ, ಉಳಿದವರು ಸೀದಾ "ಬಿ" ಎಳೆಯುತ್ತಿದ್ದರು. ಇವಳು "ಕೇ" ಬರೆದು ಫೋನ್ ಎತ್ತುತ್ತಿದ್ದಳು. ಈ ವರ್ಷಗಳಲ್ಲಿ ಏನ್ ಮಾಡ್ತಿದ್ರಿ? ಆ ಕಡೆಯವರು ಮೊದಲು ತಡವರಿಸುತ್ತಾರೆ, ಆಮೇಲೆ ಕಟ್ಟೆ ಒಡೆಯುತ್ತದೆ. ಮಗುವಿಗೆ ಮಾತು ಬರುತ್ತಿರಲಿಲ್ಲ, ದಿನಾ ಕರೆದುಕೊಂಡು ಓಡಾಡಬೇಕಿತ್ತು. ಗಂಡ ಬಿದ್ದು ಸೊಂಟ ಮುರಿದುಕೊಂಡ. ಅಪ್ಪನಿಗೆ ಮರೆವು ಬಂದು ಮನೆ ಬಿಟ್ಟು ಹೊರಟುಬಿಡುತ್ತಿದ್ದ. ಒಪ್ಪಿಗೆಯಾದರೆ ಹೆಸರನ್ನು ಸೀದಾ ಪಟ್ಟಿಗೆ ಸೇರಿಸುತ್ತಿದ್ದಳು, ಮೂಲೆಯ "ಕೇ" ಹಾಗೇ ಉಳಿಯುತ್ತಿತ್ತು. ಹಾಗೆ ಕೇಳಿ ಕಳಿಸಿದವರಲ್ಲಿ ಕೈಕೊಟ್ಟವರು ಕಡಿಮೆ. ಖಾಲಿ ಜಾಗದಲ್ಲೇ ಮನುಷ್ಯ ಇರೋದು ಎಂದು ಹೊಸಬರಿಗೆ ಪಾಠ ಬೇರೆ ಹೇಳುತ್ತಿದ್ದಳು. ಸ್ವಲ್ಪ ಜಂಬವೂ ಇತ್ತು ಅನ್ನಿ.

ಮನೆಯಲ್ಲಿ ಅಕ್ಕತಂಗಿ ಇಬ್ಬರೇ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ತಂಗಿಯನ್ನು ಅವಳು ಮರಿ ಎನ್ನುತ್ತಿದ್ದಳು. ಮರಿಗೂ ನಲವತ್ತನಾಲ್ಕು ದಾಟುತ್ತ ಬಂದಿತ್ತು. ಹಿಂದೆ ಆಕೆ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ರೋಗಿಗಳ ಫೈಲು ನೋಡಿಕೊಳ್ಳುತ್ತಿದ್ದಳು. ಯಾವ ಫೈಲು ಯಾವ ಕಪಾಟಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವಷ್ಟು ಚುರುಕು. ಅಷ್ಟರಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಮರಿ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಒಂಬತ್ತು ವರ್ಷ. "ಯಾರೂ ಹೇಳಲಿಲ್ಲ, ತಾನಾಗೇ ಬಿಟ್ಟಳು. ಬಂಗಾರದಂಥ ತಂಗಿ" ಎಂದು ಫೋನಕ್ಕ ಕಂಡಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಅಮ್ಮ ಹೋಗುವ ಹೊತ್ತಿಗೆ ಕಚೇರಿಗೆ ಹೊಸ ವ್ಯವಸ್ಥೆ ಬರುತ್ತಿತ್ತು. ಎರಡು ಸಾವಿರ ಅರ್ಜಿಯನ್ನು ಅರ್ಧ ಗಂಟೆಯಲ್ಲಿ ಓದಿ, ಆರಿಸಿ, ಉಳಿದವರಿಗೆ ತಾನೇ ಇಲ್ಲ ಎಂದು ಸಂದೇಶ ಕಳಿಸುವ ಯಂತ್ರ. ಎಂಟು ಮೇಜಿದ್ದದ್ದು ಮೂರಾಯಿತು. ಫೋನಕ್ಕನನ್ನು ಉಳಿಸಿಕೊಂಡರು, ಏಕೆಂದರೆ ಯಂತ್ರಕ್ಕೆ ಕಲಿಸಲು ಅವಳು ಗುರುತು ಹಾಕಿದ ಹಳೆಯ ಅರ್ಜಿಗಳೇ ಬೇಕಿದ್ದವು. ಇಲ್ಲ ಎನ್ನುವ ಸಂದೇಶಕ್ಕೂ ಅವಳ ಮಾತನ್ನೇ ಹಾಕಿಕೊಂಡರು. ಅವಳಿಗೆ ಒಳಗೊಳಗೇ ಖುಷಿ. ತಾನಿಲ್ಲದಿದ್ದರೂ ತನ್ನ ಮಾತು ಇರುತ್ತದಲ್ಲ ಎಂದುಕೊಂಡಳು.

ಕಂಪ್ಯೂಟರ್ ಕಂಪನಿಯಿಂದ ಬಂದ ಕನ್ನಡಕದವನು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಒಂದೊಂದೇ ಅರ್ಜಿಯನ್ನು ಯಂತ್ರಕ್ಕೆ ಉಣಿಸುತ್ತಿದ್ದ. ಅವನ ಪರದೆಯಲ್ಲಿ ಇದ್ದದ್ದು ಎರಡೇ ಮನೆ, "ತೆ" ಮತ್ತು "ಬಿ". ಒಂದು ಮಧ್ಯಾಹ್ನ ಅವನು ದೊಡ್ಡದೊಂದು ಕಟ್ಟು ಎತ್ತಿ ಹಿಡಿದು, "ಅಕ್ಕಾ, ಈ ಕೇ ಅಂತ ಇರೋದನ್ನ ಏನ್ಮಾಡ್ಲಿ?" ಎಂದು ಕೇಳಿದ. ಅವಳ ಫೋನಿನಲ್ಲಿ ಯಾರೋ ಅಳುತ್ತಿದ್ದರು. ರಿಸೀವರಿಗೆ ಕೈ ಅಡ್ಡ ಹಿಡಿದು, "ಅದನ್ನ ಬಿಡಿ" ಎಂದಳು.

"ಎಲ್ಲಾನೂ ಬಿಡ್ಲಾ?"

"ಹೂಂ, ಎಲ್ಲಾ ಬಿಡಿ."

ಸದ್ಯಕ್ಕೆ ಅದರ ತಂಟೆಗೆ ಹೋಗಬೇಡ, ನಾಳೆ ಪಕ್ಕದಲ್ಲಿ ಕೂತು ವಿವರಿಸುತ್ತೇನೆ ಎಂದು ಅವಳ ಮನಸ್ಸಿನಲ್ಲಿತ್ತು. ಮರುದಿನ ಬೆಳಿಗ್ಗೆ ಅಮ್ಮ ತೀರಿಕೊಂಡಳು. ಎರಡು ವಾರದ ನಂತರ ಫೋನಕ್ಕ ಕಚೇರಿಗೆ ಬಂದಾಗ ಪೆಟ್ಟಿಗೆಗಳು ಖಾಲಿಯಾಗಿದ್ದವು, ಯಂತ್ರ ಓಡುತ್ತಿತ್ತು, ಅವಳ ಮೇಜಿನ ಮೇಲೆ ಫೋನಿದ್ದ ಜಾಗದಲ್ಲಿ ಚೌಕಾಕಾರದ ಧೂಳಿನ ಗುರುತು ಇತ್ತು. ಇನ್ನು ಅದರ ಅಗತ್ಯ ಇಲ್ಲವಂತೆ. ಅವಳ ತಲೆಯಲ್ಲಿ ಆಗ ಅಮ್ಮ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆ ಕಟ್ಟಿನ ವಿಷಯ ಮರೆತೇ ಹೋಯಿತು.

ಏಳೆಂಟು ತಿಂಗಳು ಕಳೆಯಿತು. ಒಂದು ದಿನ ಮರಿ ಕಣ್ಣರಳಿಸಿಕೊಂಡು ಬಂದಳು. ದೊಡ್ಡ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಜನ ಬೇಕು, ಅರ್ಜಿ ಅಕ್ಕನ ಕಚೇರಿಯ ಮೂಲಕ. ವಯಸ್ಸು ನಲವತ್ತೈದರ ಒಳಗಿರಬೇಕು. ಮರಿಗೆ ನಲವತ್ತೈದು ತುಂಬಲು ಒಂದು ತಿಂಗಳಿತ್ತು. ಇದು ತಪ್ಪಿದರೆ ಇನ್ನೊಂದು ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನಮ್ಮ ಕಚೇರಿ ಯಜಮಾನರಿಗೆ ಒಂದು ಮಾತು ಹೇಳ್ಲಾ?" ಎಂದು ಫೋನಕ್ಕ ಕೇಳಿದಳು.

"ಬೇಡ. ನಿನ್ನ ತಂಗಿ ಅಂತ ಸಿಕ್ಕಿದ್ರೆ ಅದೂ ನಿನ್ನ ಕೆಲಸಾನೇ ಆಗುತ್ತೆ. ನನ್ನ ಅರ್ಜಿ ನೋಡ್ಲಿ, ಕರೆದು ನನ್ನ ಕೇಳ್ಲಿ. ಸಾಕು."

ಅರ್ಜಿ ಹಾಕುವ ಮೊದಲೇ ಅವಳು ಹದಿನೈದು ದಿನ ತಯಾರಿ ನಡೆಸಿದಳು. ಕಪಾಟಿನ ಮೇಲಿಂದ ಒಂಬತ್ತು ನೋಟ್‌ಪುಸ್ತಕ ಇಳಿಸಿ ಧೂಳು ಒರೆಸಿದಳು. ವರ್ಷಕ್ಕೊಂದು. ಅಮ್ಮನ ಮಾತ್ರೆ ಎಷ್ಟು ಗಂಟೆಗೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು, ಕುಡಿದ ನೀರು, ಬಂದ ಜ್ವರ, ಬೆನ್ನಿನ ಹುಣ್ಣು ಎಷ್ಟು ಮಾಗಿತು, ಎಲ್ಲವೂ ದುಂಡು ಅಕ್ಷರದಲ್ಲಿ. ದಾಖಲೆ ಇಡುವ ಕೆಲಸ ಒಂದು ದಿನವೂ ಬಿಟ್ಟಿಲ್ಲ ಎಂದು ತೋರಿಸುವುದು ಅವಳ ಆಸೆ. ಕನ್ನಡಿಯ ಮುಂದೆ ನಿಂತು ತಾನೇ ಕೇಳಿಕೊಳ್ಳುವಳು, ತಾನೇ ಉತ್ತರ ಹೇಳುವಳು. "ಈ ಒಂಬತ್ತು ವರ್ಷ ಏನು ಮಾಡ್ತಿದ್ರಿ?" ಎಂಬ ಪ್ರಶ್ನೆ ಬಂದಾಗ ಅವಳ ದನಿ ತಗ್ಗುತ್ತಿತ್ತು. ಉತ್ತರ ಫೋನಕ್ಕನಿಗೆ ಗೋಡೆಯಾಚೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೇಳಿಸಿಕೊಳ್ಳಲು ಅವಳು ಎದ್ದು ಹೋಗಲೂ ಇಲ್ಲ.

ಶನಿವಾರ ಬೆಳಿಗ್ಗೆ ಮರಿ ಅರ್ಜಿ ಕಳಿಸಿ, ಚಹಾ ಸೋಸಿಕೊಂಡು ಬಂದು ಕೂತಳು. ಮೊಬೈಲು ಗುಂಯ್ ಎಂದಿತು. ಅವಳು ನಗುತ್ತಲೇ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದಳು.

"ನಿಮ್ಮಲ್ಲಿ ಕೊರತೆ ಇದೆ ಅಂತಲ್ಲ. ಈ ಜಾಗಕ್ಕೂ ನಿಮಗೂ..."

ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡು, ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಹನ್ನೊಂದು ನಿಮಿಷ ಅಕ್ಕ. ಚಹಾ ಕೂಡ ಆರಿಲ್ಲ." ಲೋಟ ಪಕ್ಕಕ್ಕೆ ಸರಿಸಿ ಕೇಳಿದಳು, "ಊಟ ಬಿಡಬೇಡಿ ಅಂತ ಇದೆ. ಇದು ನಿನ್ನ ಮಾತಲ್ವಾ?"

ಫೋನಕ್ಕ ಆ ಮೊಬೈಲನ್ನು ಎತ್ತಿ ನೋಡಿದಳು. "ಮೆಷಿನ್ ಏನೋ ಎಡವಟ್ಟು ಮಾಡಿದೆ. ನಾನು ನೋಡ್ತೀನಿ ಇರು" ಎಂದಳು.

ಯಂತ್ರ ತೆರೆದು ನೋಡಲು ಬರುತ್ತಿದ್ದದ್ದು ಕನ್ನಡಕದವನೊಬ್ಬನಿಗೇ. ಅವನು ವಾರಕ್ಕೊಮ್ಮೆ, ಗುರುವಾರ ಬರುವವನು. ಆ ನಾಲ್ಕು ದಿನ ಅವಳು ಮುಳ್ಳಿನ ಮೇಲೆ ಕೂತಂತೆ ಕಳೆದಳು. ಬಂದವನೇ ಅರ್ಜಿ ತೆರೆದು ನೋಡಿ, "ತುಂಬಾ ವರ್ಷ ಖಾಲಿ ಇದೆ ಅಕ್ಕಾ. ಇಂಥೋರನ್ನ ನೀವು ಯಾವತ್ತೂ ತಗೊಂಡಿಲ್ಲ ಅಂತ ಮೆಷಿನ್‌ಗೆ ಗೊತ್ತು" ಎಂದ.

"ನಾನಾ? ನಾನು ತಗೊಂಡಿಲ್ವಾ?"

ಅವನು ಹಳೆಯ ಅರ್ಜಿಯೊಂದನ್ನು ಪರದೆಯ ಮೇಲೆ ತಂದ. ಮೂಲೆಯಲ್ಲಿ ಅವಳದೇ ಪೆನ್ಸಿಲಿನ "ಕೇ". ಪಕ್ಕದ ಮನೆಯಲ್ಲಿ "ಬಿ". ಇನ್ನೊಂದು ತಂದ, ಅದೂ ಹಾಗೇ. ಅವಳು ಫೋನ್ ಮಾಡಿ ಕೇಳಿ ಕಳಿಸಿದ್ದವರು, ಕೆಲಸ ಸಿಕ್ಕಿ ವರ್ಷಗಟ್ಟಲೆ ದುಡಿದವರು, ಎಲ್ಲರೂ "ಬಿ".

"ನೀವೇ ಹೇಳಿದ್ರಲ್ಲ ಅಕ್ಕಾ. ಎರಡು ಸಲ ಕೇಳ್ದೆ. ಎಲ್ಲಾ ಬಿಡಿ ಅಂದ್ರಿ."

ಅವನನ್ನು ಬೈಯೋಣವೆಂದರೆ ಅವನದೇನೂ ತಪ್ಪಿರಲಿಲ್ಲ. ಈ ಏಳೆಂಟು ತಿಂಗಳಲ್ಲಿ ಹೀಗೆ ಎಷ್ಟು ಜನ ಹೋದರು ಎಂದು ಕೇಳಿದಳು. ಸಾವಿರಗಟ್ಟಲೆ ಎಂದ. ಅಷ್ಟೂ ಜನಕ್ಕೆ, ಅವಳ ಮಾತಿನಲ್ಲಿ, ಊಟ ಬಿಡಬೇಡಿ ಎಂದು ಹೋಗಿದೆ.

ಯಜಮಾನರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿ ಹಣೆ ಉಜ್ಜಿಕೊಂಡರು. "ಆದದ್ದಾಯ್ತು, ಸರಿ ಮಾಡ್ಸೋಣ. ಆದ್ರೆ ಆಸ್ಪತ್ರೆ ಪಟ್ಟಿ ಸೋಮವಾರಾನೇ ಹೋಯ್ತಲ್ಲ, ಅವರು ಆರಿಸಿಯೂ ಆಯ್ತು. ಅಲ್ಲಮ್ಮಾ, ಇಷ್ಟು ದಿನ ಒಬ್ಬರೂ ದೂರು ಹೇಳಲಿಲ್ವಲ್ಲ?"

"ಯಾರಿಗೆ ಹೇಳ್ತಾರೆ ಸರ್? ಫೋನ್ ತೆಗ್ಸಿದ್ದೀರಲ್ಲ" ಎಂದಳು ಅವಳು.

ಕಚೇರಿಯ ಮೆಟ್ಟಿಲ ಬಳಿ ಹೋಗಿ ತನ್ನ ಮೊಬೈಲಿನಿಂದಲೇ ಆಸ್ಪತ್ರೆಯ ಅಧಿಕಾರಿಗೆ ಮಾತಾಡಿದಳು. ಜನ್ಮದಲ್ಲಿ ಯಾರ ಮುಂದೆಯೂ ಕೈಯೊಡ್ಡದವಳು ಅಂಗಲಾಚಿ ಬೇಡಿಕೊಂಡಳು. ಮುಂದೆ ಜಾಗ ಖಾಲಿಯಾದರೆ ನೋಡೋಣ ಎಂದವರು, ವಯಸ್ಸು ಕೇಳಿದರು. ಹೇಳಿದಳು. ಹಾಗಾದರೆ ಕಷ್ಟ ಎಂದರು. ಇಷ್ಟು ವರ್ಷ ತಾನು ಇಲ್ಲ ಎಂದವರೆಲ್ಲ ಹೀಗೇ ಫೋನ್ ಹಿಡಿದು ನಿಂತಿದ್ದರೇ ಎಂದು ಅವಳಿಗೆ ಅನಿಸಿತು.

ಸಂಜೆ ಮನೆಗೆ ಬಂದಾಗ ಮರಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಫೋನಕ್ಕ ಚಪ್ಪಲಿ ಕಳಚದೆಯೇ ಎಲ್ಲವನ್ನೂ ಹೇಳಿದಳು. ಕಟ್ಟು, ಕನ್ನಡಕದವನು, ಬಿಡಿ ಅಂದದ್ದು, ಅವನು ಬಿಟ್ಟದ್ದು. ಮರಿ ಮಡಚುವುದನ್ನು ನಿಲ್ಲಿಸಲಿಲ್ಲ.

"ಪಾಪ, ಅವನೇನ್ ಮಾಡ್ತಾನೆ. ನೀನು ಬಿಡಿ ಅಂದೆ, ಅವನು ಬಿಟ್ಟ."

"ಕೇಳ್ಬೇಕು ಅಂತಾನೇ ಅಲ್ವಾ ಮರಿ, ನಾನು ಕೇ ಅಂತ ಬರೀತಿದ್ದದ್ದು? ಎಷ್ಟು ಜನರನ್ನ ಕೇಳಿದ್ದೀನಿ ನಾನು."

"ಹೌದು, ಊರೋರನ್ನೆಲ್ಲಾ ಕೇಳಿದ್ದೀಯ." ಮರಿ ಟವಲೊಂದನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಚಿದಳು. "ನನ್ನ ಕೇಳಿದ್ಯಾ?"

"ಏನು?"

"ಅವತ್ತು ಅಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದ್ವಲ್ಲ. ಮಲಗ್ಸಿ, ನೀನು ಕೈ ತೊಳ್ಕೊಳ್ತಾ, ನೀನಿರ್ತೀಯಲ್ಲ ಮರಿ, ಅಂದೆ. ಅಷ್ಟೇ ಅಂದದ್ದು. ಮಾರನೇ ದಿನ ನೀನು ಡಬ್ಬಿ ತಗೊಂಡು ಕೆಲಸಕ್ಕೆ ಹೊರಟೆ. ತಾನಾಗೇ ಬಿಟ್ಟಳು ಅಂತ ನೀನು ಎಲ್ಲರ ಹತ್ರ ಹೇಳುವಾಗ ನಾನು ಒಳಗಡೆನೇ ಇರ್ತಿದ್ದೆ, ಅಕ್ಕ."

ಫೋನಕ್ಕನಿಗೆ ಆ ಮಾತು ನೆನಪೇ ಇರಲಿಲ್ಲ. ಈಗ ನೆನಪಾಯಿತು. ನಲ್ಲಿಯ ನೀರು, ಸೋಪು, ತನ್ನ ಬೆನ್ನ ಹಿಂದೆ ನಿಂತಿದ್ದ ಮೂವತ್ತೈದರ ತಂಗಿ. ತಿರುಗಿ ಅವಳ ಮುಖ ನೋಡಿರಲಿಲ್ಲ.

"ಕೇಳಿದ್ರೂ ಹೂಂ ಅಂತಿದ್ದೆ" ಎಂದಳು ಮರಿ. ಆಗ ಅವಳ ದನಿ ಒಡೆಯಿತು. "ಅದೇ ನನಗೆ ಬೇಜಾರು. ಕೇಳಿದ್ರೂ ಹೂಂ ಅಂತಾನೇ ಅಂತಿದ್ದೆ."

ಬಟ್ಟೆಯನ್ನೆಲ್ಲ ಕಪಾಟಿಗೆ ಸೇರಿಸಿ, ಅವಳು ಒಂಬತ್ತು ನೋಟ್‌ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟಿ, ಕುರ್ಚಿ ಹತ್ತಿ, ಮೊದಲಿದ್ದ ಜಾಗಕ್ಕೇ ತಳ್ಳಿದಳು. ಫೋನಕ್ಕ ಕುರ್ಚಿ ಹಿಡಿದುಕೊಂಡು ನಿಂತಿದ್ದಳು. ಇಳಿದವಳ ಕೈ ಹಿಡಿದು, ಮೂವತ್ತು ವರ್ಷ ಅಪರಿಚಿತರನ್ನು ಕೇಳಿದ ಅದೇ ಮಾತನ್ನು, ಅದೇ ತಗ್ಗಿದ ದನಿಯಲ್ಲಿ ಕೇಳಿದಳು.

"ಈ ಒಂಬತ್ತು ವರ್ಷ ಏನು ಮಾಡ್ತಿದ್ದೆ, ಮರಿ?"

ಹದಿನೈದು ದಿನ ಕನ್ನಡಿಯ ಮುಂದೆ ನಿಂತು ಕಲಿತ ಉತ್ತರವಿತ್ತಲ್ಲ. ಮರಿ ಬಾಯಿ ತೆರೆದಳು. ಅಕ್ಕನ ಮುಖವನ್ನೇ ತುಂಬಾ ಹೊತ್ತು ನೋಡಿದಳು.

"ಮರ್ತೋಯ್ತು, ಅಕ್ಕ" ಎಂದು ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋಗಿ, ಎರಡು ತಟ್ಟೆ ಇಟ್ಟಳು. ಅನ್ನ ಬಡಿಸಿ, ಬಾ ಎಂದು ಕರೆದಳು. ತಾನು ಕೂತು, ತಲೆ ತಗ್ಗಿಸಿ, ನಿಧಾನವಾಗಿ ಊಟ ಮಾಡಿ ಎದ್ದಳು. ಅವತ್ತು ಊಟ ಬಿಟ್ಟವಳು ಫೋನಕ್ಕ.